ಬೇಸ್‌ಮೆಂಟಿನ ಹಳೇ ಪಂದ್ಯಗಳು

ಮನೆಯ ಕೆಳಗಡೆ ಜನ ಕೂಗುತ್ತಿದ್ದರು. ಒಬ್ಬಿಬ್ಬರಲ್ಲ, ಒಂದು ಊರಿನಷ್ಟು ಜನ. ಮಿಶಿಗನ್ನಿನ ಕ್ಯಾಂಟನ್‌ಗೆ ಬಂದು ಅದು ನನ್ನ ಮೊದಲ ಶನಿವಾರ. ಅಡುಗೆಮನೆಯಲ್ಲಿ ನಿಂತು ಗೋಧಿಹಿಟ್ಟಿನ ಚೀಲದ ಹಿಂದೆ ಬರೆದದ್ದನ್ನು ಓದುತ್ತಿದ್ದೆ. ಕಾಲಡಿಯ ಹಲಗೆ ಜುಮ್ಮೆನ್ನತೊಡಗಿತು. ನಮ್ಮ ಗದಗಿನಲ್ಲಿ ಮನೆಯ ಕೆಳಗೆ ಇರುವುದು ಮಣ್ಣು. ಇಲ್ಲಿ ಮನೆಯ ಕೆಳಗೆ ಇನ್ನೊಂದು ಮನೆ ಇರುತ್ತದೆ, ಅದಕ್ಕೆ ಬೇಸ್‌ಮೆಂಟ್ ಅನ್ನುತ್ತಾರೆ, ಅದಕ್ಕೆ ಹಗಲೂ ಕತ್ತಲೆ. ಲಟ್ಟಣಿಗೆ ಹಿಡಿದುಕೊಂಡೇ ಮೆಟ್ಟಿಲು ಇಳಿದೆ.

ಕೆಳಗೆ ನನ್ನ ಗಂಡ ಶ್ರೀಕಾಂತ ಒಬ್ಬರೇ ಮೊಣಕಾಲು ಜೋಡಿಸಿಕೊಂಡು ಸೋಫಾದ ತುದಿಯಲ್ಲಿ ಕೂತಿದ್ದರು. ಎದುರಿನ ದೊಡ್ಡ ಟಿವಿಯಲ್ಲಿ ಕೆಸರು ಬಳಿದುಕೊಂಡ ಗಂಡಸರು ಒಬ್ಬರ ಮೇಲೆ ಒಬ್ಬರು ಬೀಳುತ್ತಿದ್ದರು. ಚಿತ್ರ ಮಸುಕು, ಬಣ್ಣ ತೊಳೆದು ಒಣಗಿಸಿದ ಬಟ್ಟೆಯ ಬಣ್ಣ.

"ಏನ್ರಿ ಇದು?"

"ರಗ್ಬಿ ಲೀಗ್. ಇಂಗ್ಲೆಂಡಿಂದು. ಹಳೇ ಮ್ಯಾಚು, ತೊಂಬತ್ತರ ಕಡೀದು."

"ಯಾರ್ ಗೆದ್ರು ಅಂತ ಗೊತ್ತಿಲ್ಲೇನು ನಿಮಗ?"

"ಗೊತ್ತೈತಿ."

"ಮತ್ಯಾಕ ನೋಡಾಕತ್ತೀರಿ?"

"ಚೊಲೋ ಅನಸ್ತೈತಿ" ಅಂದರು. ಯಾರು ಗೆದ್ದರೆಂದು ಗೊತ್ತಿರುವ ಪಂದ್ಯವನ್ನು ಬಾಗಿಲು ಹಾಕಿಕೊಂಡು ನೋಡುವ ಮನುಷ್ಯ ಪಂದ್ಯ ನೋಡುತ್ತಿಲ್ಲ, ಬೇರೇನೋ ನೋಡುತ್ತಿದ್ದಾನೆ. ಹಾಗೆಂದು ನನಗೆ ಆ ಕ್ಷಣಕ್ಕೇ ಅನ್ನಿಸಿತು.

ನನ್ನ ಅನುಮಾನದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಅದು ನನ್ನ ಕಸುಬು. ಗದಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕಿ. ರಜೆಯ ದಿನಗಳಲ್ಲಿ ಕಬಡ್ಡಿ ಅಂಪೈರು. ಕಬಡ್ಡಿಯಲ್ಲಿ ರೇಡಿಗೆ ಹೋದವಳು "ನಾ ಮುಟ್ಟೀನಿ" ಅನ್ನುತ್ತಾಳೆ, ಮುಟ್ಟಿಸಿಕೊಂಡವಳು "ಇಲ್ರಿ ಮೇಡಂ, ದೇವರಾಣಿ" ಅನ್ನುತ್ತಾಳೆ. ಇಬ್ಬರ ಕಣ್ಣಲ್ಲೂ ನೀರು. ನಾನು ಯಾರ ಮಾತನ್ನೂ ಕೇಳದೆ ಅವರ ಪಾದ ನೋಡುತ್ತೇನೆ. ಇಪ್ಪತ್ತು ವರ್ಷಕ್ಕೂ ಮೇಲೆ ಹೀಗೆ ಪಾದ ನೋಡಿಕೊಂಡು ಬದುಕಿದವಳಿಗೆ ಮುಖ ನೋಡಿ ನಂಬುವ ಅಭ್ಯಾಸ ತಪ್ಪಿಹೋಗುತ್ತದೆ.

ನನ್ನ ಮದುವೆಯಾದದ್ದು ತಡವಾಗಿ, ನಲವತ್ತಾರನೆಯ ವಯಸ್ಸಿನಲ್ಲಿ. ಶ್ರೀಕಾಂತರ ಅಕ್ಕ ಗಿರಿಜಕ್ಕ ನಮ್ಮ ಶಾಲೆಯ ಹಿಂದಿನ ಓಣಿಯವರು. ಅವರೇ ಸಂಬಂಧ ತಂದರು. ತಮ್ಮ ಅಮೆರಿಕದಲ್ಲಿ ಕಾರಿನ ಸೀಟು ತಯಾರಿಸುವ ಕಂಪನಿಯಲ್ಲಿ ಎಂಜಿನಿಯರು, ಒಳ್ಳೆಯವನು, ಮೊದಲ ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. "ಆಕೀ ವಿಷಯ ಅವನ ಮುಂದ ತಗೀಬ್ಯಾಡವಾ, ನೋಯ್ತಾನ" ಎಂದು ಗಿರಿಜಕ್ಕ ಕೈಹಿಡಿದು ಹೇಳಿದ್ದರು. ನಾನು ತೆಗೆಯಲಿಲ್ಲ. ಶಾಲೆಗೆ ರಾಜೀನಾಮೆ ಕೊಡು ಎಂದು ಎಲ್ಲರೂ ಹೇಳಿದರು, ಕೊಡಲಿಲ್ಲ. ಒಂದು ವರ್ಷದ ಸಂಬಳವಿಲ್ಲದ ರಜೆ ಬರೆದುಕೊಟ್ಟು ವಿಮಾನ ಹತ್ತಿದೆ. ಈ ಮನುಷ್ಯ ಹೇಳಿದಂತೆಯೇ ಇದ್ದರೆ ಉಳಿಯುವುದು, ಸುಳ್ಳು ಸಿಕ್ಕರೆ ಜೂನ್‌ನಲ್ಲಿ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ವಾಪಸ್ಸು. ಗಂಡನಿಗೂ ಇದನ್ನು ಮುಖಕ್ಕೇ ಹೇಳಿದ್ದೆ. "ಆಗಲಿ" ಅಂದಿದ್ದರು.

ಇಲ್ಲಿಗೆ ಬಂದ ಮೇಲೆ ಅನುಮಾನಪಡಲು ಏನೂ ಕಡಿಮೆಯಿರಲಿಲ್ಲ. ನಾವಿರುವುದು ಸಬ್‌ಡಿವಿಷನ್ ಎಂಬಲ್ಲಿ. ಅಂದರೆ ಒಬ್ಬನೇ ಬಿಲ್ಡರ್ ಒಂದೇ ಅಚ್ಚಿನಲ್ಲಿ ಕಟ್ಟಿದ ಮನೆಗಳ ಓಣಿ. ಓಣಿಯೆಂದರೂ ಮನೆಯ ಮುಂದೆ ಯಾರೂ ಕೂರುವುದಿಲ್ಲ. ಮನೆಯ ಗೋಡೆಯನ್ನು ಬೆರಳಿನಿಂದ ಬಡಿದರೆ ಖಾಲಿ ಡಬ್ಬಿಯ ಸದ್ದು ಬರುತ್ತದೆ. ನಾನು ಮೊದಲ ವಾರ ಎಲ್ಲ ಗೋಡೆಗಳನ್ನೂ ಬಡಿದು ನೋಡಿದೆ. ಎಲ್ಲವೂ ಟೊಳ್ಳು. ಅಂಗಡಿಯಲ್ಲಿ ಕಂಡವರೆಲ್ಲ ಹೇಗಿದ್ದೀಯ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಒಮ್ಮೆ ಒಬ್ಬಳಿಗೆ ನಿಜವಾಗಿ ಉತ್ತರ ಕೊಡಲು ಹೊರಟೆ, ಮೊಣಕಾಲು ನೋವಿನಿಂದ ಶುರುಮಾಡಿದೆ. ಅವಳು ನಗುತ್ತಲೇ ಮುಂದಿನ ಗಿರಾಕಿಯ ಕಡೆ ತಿರುಗಿದಳು. ನಮ್ಮ ಕಡೆ "ಹೆಂಗದೀರಿ" ಎಂದು ಕೇಳಿದವರು ಕನಿಷ್ಠ ಚಹಾ ಮುಗಿಯುವವರೆಗೆ ಕೇಳಿಸಿಕೊಳ್ಳುತ್ತಾರೆ.

ಜನವರಿಯಲ್ಲಿ ಇನ್ನೊಂದಾಯಿತು. ಮೊಣಕಾಲುಮಟ ಹಿಮ ಬಿದ್ದ ಬೆಳಿಗ್ಗೆ ಎದುರುಮನೆಯ ಬಿಳಿ ಮುದುಕ ಒಂದು ಯಂತ್ರ ತಂದು, ನಮ್ಮ ಕಾರು ನಿಲ್ಲುವ ದಾರಿಯ ಹಿಮವನ್ನೆಲ್ಲ ತೆಗೆದು, ಕೈಬೀಸಿ ಹೋದ. ಕೇಳಿರಲಿಲ್ಲ, ಹೇಳಿರಲಿಲ್ಲ. ನಾನು ಪರದೆಯ ಹಿಂದೆ ನಿಂತು ಅವನು ಏನು ಕೇಳಲು ಬರುತ್ತಾನೆ ಎಂದು ಕಾದೆ. ಬರಲಿಲ್ಲ. ಎರಡು ಮನೆ ಆಚೆ ಇರುವ ದಾವಣಗೆರೆಯ ಸುಧಾಗೆ ಫೋನ್ ಮಾಡಿದೆ. "ಇಲ್ಲಿ ಹಂಗೇ ಮಾಡ್ತಾರೆ ಕಸ್ತೂರಿ, ಒಂದ್ ಥ್ಯಾಂಕ್ಯೂ ಕಾರ್ಡ್ ಕೊಟ್ಬಿಡಿ. ಆದ್ರೆ ಅವರು ನಿಮ್ ಡ್ರೈವ್‌ವೇನಲ್ಲಿ ಜಾರಿ ಬಿದ್ರೆ ಕೇಸ್ ಹಾಕ್ಬಹುದು, ಹುಷಾರು" ಅಂದಳು. ಉಪಕಾರ ಮಾಡಿದವನೇ ಕೇಸು ಹಾಕಬಲ್ಲ ದೇಶ. ಅವನಿಗೆ ಶೇಂಗಾ ಹೋಳಿಗೆ ಕೊಟ್ಟು ಬಂದೆ, ಹಿಮ ಕರಗಿ ಯಾರೂ ಜಾರದಿರಲೆಂದು ಮೆಟ್ಟಿಲಿಗೆ ಉಪ್ಪೂ ಹಾಕಿದೆ.

ಗೆದ್ದದ್ದೂ ಇದೆ. ಕ್ಯಾಂಟನ್ನಿನ ಇಂಡಿಯನ್ ಅಂಗಡಿಯ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದರೆ ಅಂಚು ಸೀಳುತ್ತಿತ್ತು, ಅದನ್ನು ಬಗ್ಗಿಸಿದೆ. ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡನೆಯ ಸಲಕ್ಕೆ ಪಾಸಾದೆ. ಮೊದಲ ಸಲ ಫೇಲಾದದ್ದು ನಾಲ್ಕು ರಸ್ತೆ ಕೂಡುವಲ್ಲಿ ಯಾರೂ ಇಲ್ಲದಿದ್ದರೂ ಬಹಳ ಹೊತ್ತು ನಿಂತದ್ದಕ್ಕೆ. ಯಾರೂ ಇಲ್ಲದ ಕಡೆಯಿಂದಲೇ ಲಾರಿ ಬರುತ್ತದೆ ಎಂಬುದು ಪರೀಕ್ಷೆ ತೆಗೆದುಕೊಂಡ ಆ ಹುಡುಗಿಗೆ ಗೊತ್ತಿರಲಿಲ್ಲ.

ಆದರೆ ಹಗಲು ಉದ್ದ. ಗಂಡ ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ಫ್ರಿಜ್ಜೊಂದೇ ಮಾತಾಡುತ್ತದೆ. ಶಾಲೆಯ ಗಲಾಟೆಯಲ್ಲಿ ಬೆಳೆದ ಕಿವಿ ನನ್ನದು, ಅದಕ್ಕೆ ಹಸಿವಾಗತೊಡಗಿತು. ಕನ್ನಡ ಕೂಟದ ಸಂಕ್ರಾಂತಿಗೆ ಹೋಗಿ ಮಕ್ಕಳಿಗೆ ಕಬಡ್ಡಿ ಕಲಿಸುತ್ತೇನೆಂದೆ. ಒಂದು ಹುಡುಗಿ ಶುದ್ಧ ಇಂಗ್ಲಿಷಿನಲ್ಲಿ, ಉಸಿರು ಯಾಕೆ ಹಿಡಿಯಬೇಕು ಆಂಟಿ, ಅದು ಸೇಫಾ ಎಂದು ಕೇಳಿತು. ಮನೆಗೆ ಬಂದು ಸ್ವಲ್ಪ ಅತ್ತೆ. ಮುಂದಿನ ಶನಿವಾರ ನಾನೂ ಬೇಸ್‌ಮೆಂಟಿಗೆ ಇಳಿದು ಗಂಡನ ಪಕ್ಕ ಕೂತೆ. ಒಂದು, ಕೂಗುವ ಜನರ ಸದ್ದಾದರೂ ಕೇಳಲಿ ಎಂದು. ಎರಡು, ಈ ಮನುಷ್ಯ ಏನು ನೋಡುತ್ತಾನೆ ಎಂದು ನೋಡಲು.

ಆಟ ಹತ್ತು ನಿಮಿಷದಲ್ಲಿ ಅರ್ಥವಾಯಿತು. ಒಂದೊಂದು ತಂಡದಲ್ಲಿ ಹದಿಮೂರು ಜನ. ಚೆಂಡು ಹಿಡಿದವನು ಎದುರಾಳಿಗಳ ಗೋಡೆಯೊಳಕ್ಕೆ ನುಗ್ಗುತ್ತಾನೆ. ಅವರು ಹಿಡಿದು ಕೆಡವುತ್ತಾರೆ, ಅದು ಟ್ಯಾಕಲ್. ಬಿದ್ದವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಾನೆ, ಮತ್ತೊಬ್ಬ ಎತ್ತಿಕೊಂಡು ನುಗ್ಗುತ್ತಾನೆ. ಆರು ಸಲ ಕೆಡವಿದರೆ ಚೆಂಡು ಆಚೆಯವರಿಗೆ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, ಅಂದರೆ ಅಂಕ. ನೋಡಿದರೆ ನಮ್ಮದೇ ಆಟ, ಉಸಿರು ಬಿಟ್ಟುಕೊಂಡು ಆಡುತ್ತಾರೆ ಅಷ್ಟೇ. ಪಾದ ಹಿಡಿಯುವವನು, ಸೊಂಟಕ್ಕೆ ಬೀಳುವವನು, ಎದುರಿಗೆ ಎದೆ ಕೊಡುವವನು, ಎಲ್ಲರನ್ನೂ ನಾನು ಬಲ್ಲೆ. ಒಂದೇ ಒಂದು ನನಗೆ ಹಿಡಿಸಲಿಲ್ಲ. ಓಡಿ ಬರುವವನನ್ನು ಇವರು ಗೆರೆಯಾಚೆ ತಳ್ಳುತ್ತಾರೆ. ಕಬಡ್ಡಿಯಲ್ಲಿ ಬೇಕೆಂದೇ ತಳ್ಳಿ ಗೆರೆ ದಾಟಿಸಿದರೆ ಫೌಲು. ಮೊದಲ ಸಲ ನೋಡಿದಾಗ ನನ್ನ ಕೈ ತಾನೇ ಮೇಲೆದ್ದಿತು.

"ಫೌಲ್ ಅದು. ರೆಫ್ರಿ ಯಾಕ ಸುಮ್ನಿದಾನ?"

"ಈ ಆಟದಾಗ ಅದು ನಡೀತೈತಿ."

"ತಳ್ಳಿ ಹೊರಗ ಹಾಕೂದು ನಡೀತೈತಿ?"

"ಹೂಂ. ಚೊಲೋ ಟ್ಯಾಕಲ್ ಅಂತಾರ."

ಇಂಥವನ್ನು ಶ್ರೀಕಾಂತ ಕಲಿತದ್ದು ಇಂಗ್ಲೆಂಡಿನ ಉತ್ತರದ ಒಂದು ಗಿರಣಿ ಊರಿನಲ್ಲಿ. ಅಮೆರಿಕಕ್ಕೆ ಬರುವ ಮೊದಲು ಅಲ್ಲಿ ಕೆಲಸಕ್ಕಿದ್ದರಂತೆ. ಆ ಊರಿನಲ್ಲಿ ಮಾತಾಡಲು ಹವಾಮಾನ ಬಿಟ್ಟರೆ ಇದೊಂದೇ ವಿಷಯವಂತೆ. ಅಷ್ಟು ಹೇಳಿ ಸುಮ್ಮನಾದರು. ಯಾರ ಜೊತೆ ಇದ್ದಿರಿ ಎಂದು ನಾನು ಕೇಳಲಿಲ್ಲ, ಗಿರಿಜಕ್ಕನ ಮಾತು ನೆನಪಿತ್ತು.

ಚಳಿಗಾಲವಿಡೀ ಹೀಗೆ ನಡೆಯಿತು. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟು, ನೀರು ಕಲ್ಲಾಗುವ ಚಳಿ, ಕೆಳಗೆ ನಾವಿಬ್ಬರು, ನಡುವೆ ಚುರುಮುರಿಯ ಬುಟ್ಟಿ. ಮೂವತ್ತು ನಲವತ್ತು ವರ್ಷದ ಹಿಂದಿನ ರೆಫ್ರಿಗಳನ್ನು ನಾನು ಬೈಯುತ್ತಿದ್ದೆ, ಅವರು ನಗುತ್ತಿದ್ದರು. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಈ ಮನುಷ್ಯ ಇಷ್ಟವಾಗತೊಡಗಿದ್ದರು. ಇಷ್ಟವಾದಷ್ಟೂ ಅನುಮಾನ ಹೆಚ್ಚಾಯಿತು.

ಅದಕ್ಕೆ ಕಾರಣವಿತ್ತು. ಕೆಂಪು ಅಂಗಿಯವರಿಗೂ ಕಪ್ಪುಬಿಳಿ ಅಂಗಿಯವರಿಗೂ ನಡೆದ ಒಂದು ಪಂದ್ಯವನ್ನು ಅವರು ಪದೇಪದೇ ಹಾಕುತ್ತಿದ್ದರು. ಅದರಲ್ಲಿ ಕೊನೆಯ ಹೊತ್ತಿನ ಒಂದು ಟ್ರೈ ಬಂದಾಗ ರಿಮೋಟು ಕೈಗೆ ಬರುತ್ತಿತ್ತು. ಹಿಂದಕ್ಕೆ, ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಕೆಂಪು ಅಂಗಿಯ ಸಣ್ಣ ಆಳೊಬ್ಬ ನಾಲ್ಕು ಜನರ ನಡುವೆ ನುಸುಳಿ ಮೂಲೆಯಲ್ಲಿ ಬೀಳುತ್ತಾನೆ. ಒಳ್ಳೆಯ ಟ್ರೈ, ಒಪ್ಪಿದೆ. ಆದರೆ ಅದಾದ ತಕ್ಷಣ ಕ್ಯಾಮೆರಾ ಜನರ ಕಡೆ ತಿರುಗುತ್ತದೆ. ಗಂಡ ಚೆಂಡು ನೋಡುತ್ತಿರುವಾಗ ನಾನು ಅಲ್ಲಿ ನೋಡಿದೆ.

ಬೂದು ಕೋಟುಗಳ ಸಾಲಿನಲ್ಲಿ ಒಬ್ಬಳು ನಮ್ಮವಳು. ಹಳದಿ ಸ್ವೆಟರು, ಉದ್ದ ಜಡೆ, ಹಣೆಯಲ್ಲಿ ಕುಂಕುಮ. ಎರಡೂ ಕೈ ಮೇಲೆತ್ತಿ ಬಾಯಿ ತೆರೆದು ಕೂಗುತ್ತಿದ್ದಾಳೆ. ಅವಳ ಪಕ್ಕದ ಕುರ್ಚಿಯಲ್ಲಿ ಯಾರೂ ಇಲ್ಲ, ಒಂದು ಗಂಡಸಿನ ಕೋಟು ಮಾತ್ರ ಇದೆ. ಅಷ್ಟರಲ್ಲಿ ಕ್ಯಾಮೆರಾ ಮೈದಾನಕ್ಕೆ ಮರಳುತ್ತದೆ.

ನಾನು ರಿಮೋಟು ಕಿತ್ತುಕೊಂಡು ನಿಲ್ಲಿಸಿದೆ. "ಯಾರಿಕಿ?"

"ನಳಿನಿ" ಅಂದರು. ಧ್ವನಿಯಲ್ಲಿ ಏನೂ ಇರಲಿಲ್ಲ. "ನನ್ನ ಮೊದಲ್ನೇ ಹೆಂಡ್ತಿ."

"ಹಂಗಾರ ವಾರಾ ವಾರಾ ಸತ್ತ ಹೆಂಡ್ತೀನ್ನ ನೋಡಾಕ ಇಳೀತೀರಿ."

ಶ್ರೀಕಾಂತ ನನ್ನ ಮುಖ ನೋಡಿದರು. "ಸತ್ತ? ಆಕಿ ಎಲ್ಲಿ ಸತ್ತಾಳ? ಇಲ್ಲೇ, ಶಾಮ್‌ಬರ್ಗ್ ಊರಾಗ ಅದಾಳ. ಡಾಕ್ಟರು. ನಾವು ಇಂಗ್ಲೆಂಡಿನಾಗ ಡೈವೋರ್ಸ್ ತಗೊಂಡ್ವಿ. ಇಬ್ರೂ ಬ್ಯಾರೆ ಬ್ಯಾರೆ ಈ ದೇಶಕ್ಕ ಬಂದ್ವಿ."

ನನ್ನ ಕೈ ಕೊರಳಿಗೆ ಹೋಯಿತು. ಯಾಕೆಂದು ಹೇಳಬೇಕು. ನಮ್ಮ ಕಡೆ ಹೆಂಡತಿ ಸತ್ತವನಿಗೆ ಎರಡನೆಯವಳಾಗಿ ಹೋದರೆ, ಸತ್ತವಳ ಹೆಸರಿನಲ್ಲಿ ಒಂದು ಸಣ್ಣ ಬೆಳ್ಳಿ ಬಿಲ್ಲೆ ಮಾಡಿಸಿ ತಾಳಿಯ ಜೊತೆ ಕಟ್ಟಿಕೊಳ್ಳುವ ಪದ್ಧತಿ ಕೆಲವು ಮನೆಗಳಲ್ಲಿದೆ. ಅದನ್ನು ಸವತಿ ಎಂದೇ ಕರೆಯುತ್ತಾರೆ. ಬಿಲ್ಲೆಯ ಮೇಲೆ ಎರಡು ಕಣ್ಣು, ಒಂದು ಮೂಗುತಿ, ಸೆರಗು. ಹಬ್ಬದಲ್ಲಿ ಸಿಹಿ ಮಾಡಿದರೆ ಮೊದಲ ತುತ್ತು ಅವಳಿಗೆ. ಹೊಸ ಸೀರೆ ಉಟ್ಟರೆ ಮೊದಲು ಅದಕ್ಕೆ ತಾಗಿಸಬೇಕು. ಇಲ್ಲದಿದ್ದರೆ ಅವಳು ಕಾಡುತ್ತಾಳೆ. ಗಿರಿಜಕ್ಕನೇ ಅಕ್ಕಸಾಲಿಗನಲ್ಲಿ ಮಾಡಿಸಿ ನನ್ನ ಕೊರಳಿಗೆ ಕಟ್ಟಿಸಿದ್ದರು. ಕ್ಯಾಂಟನ್ನಿನ ಅಡುಗೆಮನೆಯಲ್ಲಿ ದೀಪಾವಳಿಯ ಹೋಳಿಗೆಯ ಮೊದಲ ಚೂರನ್ನು ನಾನು ಆಕೆಗೆ ಎತ್ತಿಟ್ಟಿದ್ದೆ. ಆಕೆ ಆ ಹೊತ್ತಿಗೆ ಇಲ್ಲಿಂದ ಐದು ತಾಸಿನ ದಾರಿಯಲ್ಲಿ ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುತ್ತಿದ್ದಳು.

ಬಿಲ್ಲೆ ತೋರಿಸಿ ಎಲ್ಲ ಹೇಳಿದೆ. ಶ್ರೀಕಾಂತ ಬಗ್ಗಿ ಬಿಲ್ಲೆಯನ್ನು ನೋಡಿದರು. "ನಾ ಅದು ನಿಮ್ಮ ಮನೀ ದೇವ್ರು ಅಂತ ಮಾಡಿದ್ದೆ. ಹೋಳಿಗಿ ಎತ್ತಿಟ್ಟದ್ದು ಹಕ್ಕಿಗೆ ಅಂತ ಮಾಡಿದ್ದೆ."

"ನಿಮ್ಮ ಅಕ್ಕ ಸುಳ್ಳು ಹೇಳಿದ್ದು ನಿಮಗ ಗೊತ್ತಿರಲಿಲ್ಲ?"

"ಇಲ್ಲ."

"ಮತ್ತ ಈ ಟ್ರೈ ಯಾಕ ಅಷ್ಟು ಸಲ ನೋಡತೀರಿ? ಖರೇ ಹೇಳ್ರಿ."

"ಅವತ್ತ ನಾ ಆಕೀ ಬಾಜೂಕ ಇದ್ದೆ. ಚಾ ತರಾಕ ಹೋಗಿದ್ದೆ, ಸಾಲು ಉದ್ದಿತ್ತು. ಅಷ್ಟರಾಗ ಟ್ರೈ ಆತು. ನಾ ನೋಡ್ಲಿಲ್ಲ. ಅದಕ್ಕ ನೋಡ್ತೀನಿ."

ಚಹಾ. ಮೂವತ್ತು ವರ್ಷದ ಹಿಂದಿನ ಚಹಾಕ್ಕಾಗಿ ಒಬ್ಬ ಮನುಷ್ಯ ಪ್ರತಿ ಶನಿವಾರ ಕತ್ತಲೆಯಲ್ಲಿ ಕೂರುತ್ತಾನೆ ಎಂದು ಯಾವ ಅಂಪೈರು ನಂಬಬೇಕು? ಇಷ್ಟು ಅನುಮಾನದವಳು ವೀಸಾದ ಕಾಗದಗಳನ್ನು ಓದಲಿಲ್ಲವೇ ಎಂದು ನೀವು ಕೇಳಬಹುದು. ವಕೀಲರ ದಪ್ಪ ಕಟ್ಟಿನಲ್ಲಿ ನನ್ನ ಹೆಸರಿದ್ದ ಹಾಳೆಗಳನ್ನೆಲ್ಲ ಮತ್ತೆ ಮತ್ತೆ ಓದಿದ್ದೆ. ಡೈವೋರ್ಸಿನ ಪತ್ರವೂ ಇದ್ದಿರಬಹುದಾದ, ಅವರ ಹೆಸರಿನ ಹಾಳೆಗಳನ್ನು ಮುಟ್ಟಿರಲಿಲ್ಲ, ಗಂಡನಾಗುವವನ ಕಾಗದ ಕೆದಕುವುದು ಸರಿಯಲ್ಲ ಎಂದು. ನನ್ನ ಆಯುಷ್ಯದಲ್ಲಿ ಸಭ್ಯತೆ ತೋರಿಸಿದ್ದು ಅದೊಂದೇ ಸಲ.

ಮೂರು ದಿನ ಮಾತಾಡಲಿಲ್ಲ. ಅಕ್ಕ ತಮ್ಮ ಕೂಡಿಯೇ ನನ್ನನ್ನು ಕರೆತಂದಿದ್ದಾರೆಯೇ? ಇಲ್ಲ, ತಮ್ಮನಿಗೆ ನಿಜವಾಗಿಯೂ ಗೊತ್ತಿಲ್ಲವೇ? ಅವನು ಇನ್ನೂ ಆಕೆಯ ಹಿಂದೆ ಇದ್ದಾನೆಯೇ? ಮುಖ್ಯೋಪಾಧ್ಯಾಯರಿಂದ ಮೆಸೇಜು ಬಂದಿತ್ತು, ಜೂನ್‌ಗೆ ಬರುತ್ತೀರೋ ಇಲ್ಲವೋ ತಿಳಿಸಿ ಎಂದು. ನಾಲ್ಕನೆಯ ದಿನ ಗಂಡನಿಗೆ ಹೇಳಿದೆ: "ನಾ ಆಕೀನ್ನ ನೋಡಬೇಕು."

"ಫೋನ್ ಹಚ್ಚಿ ಕೊಡ್ಲೇನು?"

"ಫೋನಿನಾಗ ಯಾರ್ ಬೇಕಾದ್ರೂ ಮಾತಾಡಬಹುದು."

ಬರುತ್ತೇವೆ ಎಂದಷ್ಟೇ ನನ್ನೆದುರಿಗೆ ಆಕೆಗೆ ಫೋನಿನಲ್ಲಿ ಹೇಳಿಸಿ, ಶನಿವಾರ ಬೆಳಿಗ್ಗೆ ಹೊರಟೆವು. ಹೊರಡುವ ಮೊದಲು ನಾನು ಒಂದು ಷರತ್ತು ಹಾಕಿದ್ದೆ, ಚಹಾದ ವಿಷಯ ಆಕೆಗೆ ಹೇಳಕೂಡದು ಎಂದು. ದಾರಿಯಲ್ಲಿ ಫೋನು ಅವರ ಕೈಗೆ ಸಿಗದಂತೆ ನನ್ನ ಚೀಲದಲ್ಲಿ ಇಟ್ಟುಕೊಂಡೆ. ಅವರು ಬೇಸರಿಸಲಿಲ್ಲ. ಹೆದ್ದಾರಿಯ ಎರಡೂ ಕಡೆ ಕೊಳೆಯಾದ ಹಿಮ, ಬೋಳು ಗಿಡ, ಒಂದರ ಹಿಂದೊಂದು ಎಕ್ಸಿಟ್ಟಿನ ಹಸಿರು ಫಲಕ. ಇಂಡಿಯಾನಾ ಗಡಿ ದಾಟಿದ ಮೇಲೆ ಫೋನಿನ ಗಡಿಯಾರ ಒಂದು ತಾಸು ಹಿಂದಕ್ಕೆ ಹೋಯಿತು. ನಮ್ಮಲ್ಲಿ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಒಂದೇ ಹೊತ್ತು. ಇಲ್ಲಿ ಹೊತ್ತಿನ ಮೇಲೂ ಕಣ್ಣಿಡಬೇಕು.

ಶಾಮ್‌ಬರ್ಗ್‌ನ ಅಪಾರ್ಟ್‌ಮೆಂಟಿನ ಕೆಳಗೆ ಶ್ರೀಕಾಂತರನ್ನು ಕಾರಿನಲ್ಲೇ ಕೂರಿಸಿದೆ. ಬಾಗಿಲು ತೆರೆದದ್ದು ಕತ್ತರಿಸಿದ ಬಿಳಿ ಕೂದಲಿನ ಹೆಂಗಸು. ಜಡೆಯಿಲ್ಲ, ಕುಂಕುಮವಿಲ್ಲ. ಆದರೆ ಬಾಯಿ ಅದೇ.

"ಬನ್ನಿ, ಒಳಗೆ ಬನ್ನಿ. ಶ್ರೀಕಾಂತ ಎಲ್ಲಿ?"

"ಕಾರಿನಾಗ ಅದಾರ. ನಾನ ಬ್ಯಾಡ ಅಂದೆ."

ಮೈಸೂರಿನವರು ಆಕೆ. ಕೇಳಿದ್ದಕ್ಕೆ ನೇರ ಉತ್ತರ ಕೊಡುವ ಜಾತಿ. ಕಾಫಿ ಕೊಟ್ಟರು. ನಾನು ಮುಟ್ಟಲಿಲ್ಲ, ಕೇಳಲು ಶುರುಮಾಡಿದೆ. ಇಂಗ್ಲೆಂಡಿನಲ್ಲಿ ರಗ್ಬಿ ನೋಡಲು ಹೋಗುತ್ತಿದ್ದಿರಾ? ಹೋಗ್ತಿದ್ವಿ. ಕೆಂಪು ಅಂಗಿಯವರು ಕಡೆಗೆ ಗೆದ್ದ ಪಂದ್ಯ ನೆನಪಿದೆಯಾ? ಆಕೆ ಕಪ್ಪು ಕೆಳಗಿಟ್ಟು ನಕ್ಕರು.

"ಅದನ್ನ ಮರೆಯೋದು ಹೇಗ್ರೀ? ಟೀ ತರ್ತೀನಿ ಅಂತ ಹೋದ. ಇಲ್ಲಿ ಟ್ರೈ ಆಗೋಯ್ತು. ಎರಡು ಕಪ್ ಹಿಡ್ಕೊಂಡು ವಾಪಸ್ ಬಂದಾಗ ಎಲ್ರೂ ಕುಣೀತಿದಾರೆ. ಬಸ್ಸಲ್ಲಿ ಮನೆವರೆಗೂ ನನ್ ಮೇಲೆ ರೇಗಿದ, ನೀನ್ಯಾಕೆ ಕೂಗಿ ಕರೀಲಿಲ್ಲ ಅಂತ. ನಮ್ಮ ಮದುವೇಲಿ ಅವನು ನನ್ ಮೇಲೆ ರೇಗಿದ್ದು ಅವತ್ತೊಂದೇ ದಿನ. ಮಿಕ್ಕಿದ್ದಕ್ಕೆಲ್ಲ ಸುಮ್ನಿರ್ತಿದ್ದ. ನನಗೆ ಆ ಸುಮ್ನಿರೋದು ತಡ್ಕೊಳೋಕೆ ಆಗ್ಲಿಲ್ಲ, ಹೊರಟ್ಬಂದೆ. ಯಾಕೆ, ಇನ್ನೂ ನೋಡ್ತಾನಾ ಅದನ್ನ?"

"ವಾರಕ್ಕೊಮ್ಮೆ."

"ಸುಳ್ಳು ಹೇಳೋಕೆ ಬರಲ್ಲ ಅವನಿಗೆ. ಅದನ್ನ ಕೇಳೋಕೇ ಬಂದ್ರಾ ಇಷ್ಟು ದೂರ?"

ನನ್ನ ಎದೆಯ ಒಂದು ಗಂಟು ಅಲ್ಲೇ ಸಡಿಲಾಯಿತು. ಇಬ್ಬರು ಸಾಕ್ಷಿಗಳು, ಒಬ್ಬರಿಗೊಬ್ಬರು ಕೇಳಿಸಿಕೊಳ್ಳದೆ, ಒಂದೇ ಮಾತು. ಖಾಲಿ ಕುರ್ಚಿಯ ಮೇಲಿನ ಕೋಟನ್ನು ನಾನೇ ಕಣ್ಣಾರೆ ಕಂಡಿದ್ದೆ. ಇನ್ನು ಎದ್ದು ಹೊರಡಬಹುದಿತ್ತು. ಆದರೆ ಆಕೆಯ ಕಣ್ಣು ನನ್ನ ಕೊರಳ ಮೇಲಿತ್ತು.

"ಚೆನ್ನಾಗಿದೆ. ಯಾವ ದೇವ್ರು ಅದು?"

ಸುಳ್ಳು ಹೇಳಬಹುದಿತ್ತು. "ದೇವ್ರಲ್ರಿ, ನೀವು" ಅಂದೆ. ಪದ್ಧತಿ ಹೇಳಿದೆ, ಗಿರಿಜಕ್ಕ ಹೇಳಿದ್ದನ್ನು ಹೇಳಿದೆ. ಆಕೆ ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

"ಗಿರಿಜಕ್ಕ ಹೇಳಿದ್ರಾ? ಗಿರಿಜಕ್ಕನೇ?"

"ಹೌದ್ರಿ."

"ಡೈವೋರ್ಸ್ ಆದ್ಮೇಲೂ ಅವರಿಗೆ ನಾನು ಫೋನ್ ಮಾಡ್ತಿದ್ದೆ. ಮದುವೆಯಾಗಿ ಹೋದಾಗ ನನ್ನ ತಲೆ ಬಾಚೋರು ಅವರು. ಆಮೇಲೆ ಒಂದಿನ ಎತ್ತೋದೇ ನಿಲ್ಲಿಸಿಬಿಟ್ರು. ಕೋಪ ಅಂದ್ಕೊಂಡೆ. ಅಂದ್ರೆ ಆ ಓಣೀಲಿ ಎಲ್ರಿಗೂ ನಾನು ಸತ್ತೋಗಿದೀನಿ. ಫೋನ್ ಎತ್ತೋದಾದ್ರೂ ಹೇಗೆ?"

ಈ ಹೆಂಗಸಿನ ಮೇಲೆ ದಾರಿಯುದ್ದಕ್ಕೂ ಹೊಟ್ಟೆಕಿಚ್ಚು ಪಟ್ಟುಕೊಂಡು ಬಂದಿದ್ದೆ. ಈಗ ಅದಕ್ಕೆ ಜಾಗ ಸಿಗಲಿಲ್ಲ. ಸಂಕಟವಾಯಿತು, ಆಕೆಗಾಗಿಯೂ, ನನಗಾಗಿಯೂ. ಊರು ಬಿಟ್ಟು ಬಂದವರಿಗೆ ಅಲ್ಲಿ ಏನೇನಾಗಿರುತ್ತದೋ ಯಾರಿಗೆ ಗೊತ್ತು.

"ಅದನ್ನ ಒಂದ್ಸಲ ಕೊಡ್ತೀರಾ?"

ದಾರದಿಂದ ಬಿಲ್ಲೆ ಬಿಚ್ಚಿ ಕೈಗಿಟ್ಟೆ. ಆಕೆ ಕನ್ನಡಕ ಹಾಕಿಕೊಂಡು ಹತ್ತಿರ ಹಿಡಿದು ನೋಡಿದರು. "ಮೂಗುತಿ ಹಾಕಿದಾರೆ ನೋಡಿ. ಗಿರಿಜಕ್ಕನೇ ಚುಚ್ಚಿಸಿದ್ದು ನನಗೆ" ಅಂದರು. ಆಮೇಲೆ, "ಇದನ್ನ ನಾನೇ ಇಟ್ಕೊಳ್ಲಾ? ಆ ಊರಿಂದ ನನ್ ಹತ್ರ ಏನೂ ಉಳಿದಿಲ್ಲ."

ಹೆದರಿಕೆಯಾಯಿತು, ಇಲ್ಲವೆನ್ನಲಾರೆ. ಕಟ್ಟಿದ್ದನ್ನು ಬಿಚ್ಚಿ ಕೊಡುವುದು ಒಳ್ಳೆಯದಲ್ಲ ಎಂದು ಬೆಳೆದವಳು ನಾನು. ಆದರೆ ಯಾರದ್ದನ್ನು ಯಾರಿಗೆ ಇಲ್ಲವೆನ್ನುವುದು? "ಇಟ್ಕೊಳ್ರಿ" ಅಂದೆ. ತಣ್ಣಗಾದ ಕಾಫಿ ಕುಡಿದು ಕೆಳಗಿಳಿದೆ. ಕಾರಿನಲ್ಲಿ ಶ್ರೀಕಾಂತ ಏನೂ ಕೇಳಲಿಲ್ಲ. ಆ ಸುಮ್ಮನಿರುವಿಕೆಯನ್ನು ಆಕೆ ತಡೆಯಲಾರದೆ ಹೋದದ್ದು ನನಗೆ ಅರ್ಥವಾಯಿತು. ನನಗೆ ಅದು ಅಷ್ಟು ಕಷ್ಟವೆನಿಸಲಿಲ್ಲ. ಶಾಲೆಯ ಗಲಾಟೆ ನೋಡಿದವಳು ನಾನು. ಫೋನು ಅವರಿಗೆ ವಾಪಸ್ಸು ಕೊಟ್ಟು, "ಚಹಾ ಖರೇ ಐತಿ" ಅಂದೆ. ಅವರು ತಲೆಯಾಡಿಸಿ ಗಾಡಿ ಚಾಲು ಮಾಡಿದರು.

ಮರುದಿನ ಬೆಳಿಗ್ಗೆ, ಅಂದರೆ ಗದಗಿನ ಸಂಜೆ, ಗಿರಿಜಕ್ಕನಿಗೆ ಫೋನ್ ಮಾಡಿದೆ. ಸ್ಪೀಕರಿನಲ್ಲಿಟ್ಟೆ, ಶ್ರೀಕಾಂತ ಎದುರಿಗೇ ಕೂತಿದ್ದರು. ಬೈಯಬೇಕೆಂದು ಮಾತು ಜೋಡಿಸಿಟ್ಟಿದ್ದೆ.

"ಅಕ್ಕಾರ, ನಳಿನಿಯವರ ಮನೀಗೆ ಹೋಗಿದ್ದೆ."

ಗಿರಿಜಕ್ಕ, "ಹೆಂಗದಾಳ?" ಅಂದರು.

ಅದನ್ನು ನಾನು ಎಣಿಸಿರಲಿಲ್ಲ. ಜೋಡಿಸಿಟ್ಟ ಮಾತು ಚದುರಿಹೋಯಿತು. "ಕೂದ್ಲಾ ಬೆಳ್ಳಗಾಗ್ಯಾವ್ರಿ. ಅರಾಮ ಅದಾರ. ನನಗ ಯಾಕ ಸತ್ತಾರಂತ ಹೇಳಿದ್ರಿ? ನನ್ನ ನಿಮ್ಮ ತಮ್ಮಗ ಕಟ್ಟಾಕ ಹೇಳಿದ್ರೇನು?"

"ಇಲ್ಲವಾ. ನೀ ಬರೂಕಿಂತ ಭಾಳ ಮೊದಲ ಹೇಳೀನಿ. ಓಣಿ ಮಂದಿಗೆಲ್ಲಾ ಹೇಳೀನಿ. ಬಿಟ್ಟು ಹೋದ್ಲು ಅಂದಿದ್ರ ಎಲ್ಲಾರೂ ಕೂಡಿ ಆಕೀನ್ನ ಬೈತಿದ್ರು, ಅವರ ಕೂಡ ನಾನೂ ಬೈಬೇಕಾಗ್ತಿತ್ತು. ನನಗ ಆಕೀನ್ನ ಬೈಯಾಕ ಮನಸ್ಸಾಗ್ಲಿಲ್ಲ. ಸತ್ಲು ಅಂದ್ರ ನಾಕ ಮಂದಿ ಮುಂದ ಕುಂತು ಅಳಾಕರ ಬಂತು."

ಶ್ರೀಕಾಂತ ಎದ್ದು ಕಿಟಕಿಯ ಕಡೆ ಹೋದರು. ನನಗೆ ಈ ಮಾತನ್ನೂ ಅನುಮಾನಿಸಬೇಕು ಅನ್ನಿಸಿತು. ಮುದುಕಿ ಸಿಕ್ಕಿಬಿದ್ದ ಮೇಲೆ ಕಥೆ ಕಟ್ಟುತ್ತಿದ್ದಾಳೆ ಅಂದುಕೊಳ್ಳಲು ನೋಡಿದೆ. ಆದರೆ ಆಕೆ ಮೊದಲು ಕೇಳಿದ್ದು ಹೆಂಗದಾಳ ಎಂದು. ಅದನ್ನು ಯಾರೂ ಮೊದಲೇ ಜೋಡಿಸಿಟ್ಟು ಕೇಳುವುದಿಲ್ಲ.

"ನೀ ಸಿಟ್ಟಾಗಿ ವಾಪಸ್ ಬರ್ತಿ ಏನವಾ?"

ಮುಖ್ಯೋಪಾಧ್ಯಾಯರ ಮೆಸೇಜಿಗೆ ಉತ್ತರ ಬರೆಯುವುದು ಬಾಕಿಯಿತ್ತು. ಹೋದರೆ ಯಾವ ಊರಿಗೆ ಹೋಗುವುದು, ಒಬ್ಬಳನ್ನು ಅಳುತ್ತಾ ಹೂತುಹಾಕಿದ ಊರಿಗೆ. ಉಳಿದರೆ ಯಾವ ಊರಿನಲ್ಲಿ ಉಳಿಯುವುದು, ಬಡಿದರೆ ಟೊಳ್ಳು ಸದ್ದು ಬರುವ ಮನೆಯಲ್ಲಿ. ಆದರೂ ಆ ಮನೆಯೊಳಗಿನ ಮನುಷ್ಯ ನನಗೆ ಸುಳ್ಳು ಹೇಳಿರಲಿಲ್ಲ, ಅಷ್ಟು ನಾನೇ ನೋಡಿ ಖಾತ್ರಿ ಮಾಡಿಕೊಂಡಿದ್ದೆ.

"ಇಲ್ರಿ ಅಕ್ಕಾರ, ಇಲ್ಲೇ ಇರ್ತೀನಿ. ಸಾಲಿಗೆ ಬರದು ಕಳಸ್ತೀನಿ."

"ಮತ್ತ ಓಣ್ಯಾಗ ಮಂದಿ ಕೇಳ್ತಾರವಾ, ಕಸ್ತೂರಿ ಮೇಡಂ ಯಾಕ ಬರ್ಲಿಲ್ಲ ಅಂತ. ಏನ್ ಹೇಳ್ಲಿ?"

ಆ ಓಣಿಯ ಮಂದಿ ನನಗೆ ಕಣ್ಣಿಗೆ ಕಟ್ಟಿದಂತೆ ಕಂಡರು, ಸಂಜೆಯ ಹೊತ್ತು ಕಟ್ಟೆಯ ಮೇಲೆ ಕೂತು ಕೇಳುವವರು.

"ನಳಿನಿ, ಕಸ್ತೂರಿ, ಇಬ್ರೂ ಜೀವಂತ ಅದಾರ ಅಂತ ಹೇಳ್ರಿ" ಅಂದೆ.